ತೋಟದ ಫೈಬರ್‌ಗೆ ಮೀಡಿಯಾ ಕನ್ವರ್ಟರ್: ಎಲ್‌ಎಫ್‌ಪಿ ಇರುವುದನ್ನೇ ಕೊಳ್ಳಿ

ಸೋಮವಾರಪೇಟೆ ಕಡೆಯ ನಮ್ಮ ಕಾಫಿ ತೋಟದಲ್ಲಿ ಮನೆಯಿಂದ ಕಣದ ಪಕ್ಕದ ಗೋಡೌನ್‌ಗೆ ಫೈಬರ್ ಎಳೆಸಿ ಕೆಲವು ಮಳೆಗಾಲ ಆಯಿತು. ಎರಡು ತುದಿಗೂ ಒಂದೊಂದು ಗಿಗಾಬಿಟ್ ಮೀಡಿಯಾ ಕನ್ವರ್ಟರ್, ಅಂದರೆ ಲ್ಯಾನ್ ಸಿಗ್ನಲನ್ನು ಬೆಳಕಾಗಿ, ಬೆಳಕನ್ನು ಮತ್ತೆ ಲ್ಯಾನ್ ಸಿಗ್ನಲ್ ಆಗಿ ಬದಲಿಸುವ ಡಬ್ಬಿ. ಒಂದೇ ಎಳೆಯಲ್ಲಿ ಕೆಲಸ ಮಾಡುವ ಎ-ಬಿ ಜೋಡಿ: ಮನೆಯದು 1310 ನ್ಯಾನೋಮೀಟರ್ ಅಲೆಯುದ್ದದಲ್ಲಿ ಬೆಳಕು ಕಳಿಸುತ್ತದೆ, 1550ರಲ್ಲಿ ಪಡೆಯುತ್ತದೆ. ಗೋಡೌನ್‌ನದು ಉಲ್ಟಾ.

ತಾಮ್ರದ ಲ್ಯಾನ್ ಕೇಬಲ್‌ಗೆ 100 ಮೀಟರ್ ಮಿತಿ. ಮೇಲಾಗಿ ನಮ್ಮಲ್ಲಿ ಮುಂಗಾರಿಗೆ ಮುಂಚಿನ ಸಿಡಿಲು ಗೊತ್ತೇ ಇದೆ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯಲ್ಲ. ಆದರೆ ಕೇಬಲ್ ಜೊತೆ ಬರುವ ಉಕ್ಕಿನ ತಂತಿಯನ್ನು ಮನೆಯೊಳಗೆ ತರಬೇಡಿ.

ವೇಗದ ಬಗ್ಗೆ ದೂರಿಲ್ಲ. ನನಗೆ ನಿಜವಾಗಿ ಇಷ್ಟವಾಗಿದ್ದು ಲಿಂಕ್ ಫಾಲ್ಟ್ ಪಾಸ್-ಥ್ರೂ, ಅಂದರೆ ಎಲ್‌ಎಫ್‌ಪಿ. ಇದು ಇಲ್ಲದ ಡಬ್ಬಿಯಲ್ಲಿ ಫೈಬರ್ ತುಂಡಾದರೂ ಲ್ಯಾನ್ ದೀಪ ಹಸಿರಾಗಿ ಉರಿಯುತ್ತಲೇ ಇರುತ್ತದೆ. ಲೈನ್ ಸತ್ತಿದ್ದು ರೂಟರ್‌ಗೆ ಗೊತ್ತೇ ಆಗಲ್ಲ. ಎಲ್‌ಎಫ್‌ಪಿ ಇದ್ದರೆ ಫೈಬರ್ ಹೋದ ಕೂಡಲೇ ಲ್ಯಾನ್ ಪೋರ್ಟ್ ಕೂಡ ಬಂದ್. ಅಲ್ಲಿ ಗೋಡೌನ್‌ನಲ್ಲಿ ಯಾರಾದರೂ ಕೇಬಲ್ ಕಿತ್ತರೆ ಇಲ್ಲಿ ಮನೆಯಲ್ಲೂ ದೀಪ ಆರುತ್ತದೆ. ನಮ್ಮ ಸ್ವಿಚ್ ಆಗ ತಾನಾಗಿ ವೈರ್‌ಲೆಸ್ ಲಿಂಕ್‌ಗೆ ತಿರುಗುತ್ತದೆ, ಕ್ಯಾಮೆರಾ ನಿಲ್ಲಲ್ಲ.

ತೊಡಕೂ ಇದರಲ್ಲೇ ಇದೆ. ಎಲ್ಲ ದೀಪವೂ ಒಟ್ಟಿಗೆ ಆರಿದರೆ ತಪ್ಪು ಎಲ್ಲಿದೆ ಅಂತ ಹೇಗೆ ಹುಡುಕೋದು? ಮೊದಲು ಗೋಡೌನ್‌ಗೆ ಫೋನ್ ಮಾಡಿ ಪವರ್ ದೀಪ ಇದೆಯಾ ಕೇಳಿ. ಅಲ್ಲಿ ಕರೆಂಟ್ ಹೋದರೂ ಇಲ್ಲಿ ಫೈಬರ್ ತುಂಡಾದ ಹಾಗೇ ಕಾಣುತ್ತದೆ. ಕರೆಂಟ್ ಇದ್ದರೆ ಎರಡೂ ಕಡೆ ಡಿಪ್ ಸ್ವಿಚ್‌ನಲ್ಲಿ (ಡಬ್ಬಿಯಲ್ಲಿರುವ ಪುಟ್ಟ ಸ್ವಿಚ್) ಎಲ್‌ಎಫ್‌ಪಿ ಆಫ್ ಮಾಡಿ, ಡಬ್ಬಿಯನ್ನು ಒಮ್ಮೆ ಆರಿಸಿ ಹಾಕಿ. ಈಗ ಪ್ರತಿ ದೀಪವೂ ತನ್ನ ಭಾಗದ ಸುದ್ದಿಯನ್ನಷ್ಟೇ ಹೇಳುತ್ತದೆ. ಹೊಸದಾಗಿ ಕೂರಿಸುವಾಗಲೂ ಹೀಗೇ ಒಂದೊಂದೇ ಲಿಂಕ್ ನೋಡಿ, ಆಮೇಲೆ ಎಲ್‌ಎಫ್‌ಪಿ ಆನ್ ಮಾಡಿ.

ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವ) ಸಮಯದಲ್ಲಿ ಇದು ಕೈ ಹಿಡಿಯಿತು. ಎರಡೂ ಕಡೆ ಲ್ಯಾನ್ ದೀಪ ಸರಿ, ಫೈಬರ್ ದೀಪ ಇಲ್ಲ. ಕೇಬಲ್ ಟಿವಿ ಹುಡುಗ ಬೆಳಕಿನ ಬಲ ಅಳೆಯುವ ಪವರ್ ಮೀಟರ್ ತಂದ. ಗೋಡೌನ್‌ಗೆ ಬರುವ 1310 ಹೆಚ್ಚು ಕಡಿಮೆ ಹಳೆಯ ಅಳತೆಯಷ್ಟೇ ಇತ್ತು, ಮನೆಗೆ ಬರುವ 1550 ಪೂರಾ ಕುಸಿದಿತ್ತು. ಎಳೆ ತುಂಡಾಗಿದ್ದರೆ ಎರಡೂ ಹೋಗಬೇಕಿತ್ತು, ಅಲ್ವಾ? ಫೈಬರ್ ಬಿಗಿಯಾಗಿ ಬಾಗಿದರೆ 1550 ಬೆಳಕೇ ಜಾಸ್ತಿ ಸೋರುತ್ತದೆ. ಲೈನ್ ಹಿಡಿದು ನಡೆದಾಗ, ಬಿದ್ದ ಕೊಂಬೆ ಕೇಬಲನ್ನು ಸಿಲ್ವರ್ ಓಕ್ ಮರಕ್ಕೆ ಒತ್ತಿ ಮಡಚಿತ್ತು. ಬಿಡಿಸಿದೆವು, ದೀಪ ಬಂತು. ಅದಕ್ಕೇ ಮೊದಲ ದಿನದ ಡಿಬಿಎಂ (ಬೆಳಕಿನ ಬಲದ) ಅಳತೆಯನ್ನು ಡಬ್ಬಿಯ ಮೇಲೇ ಬರೆದಿಡಿ.

ಎರಡೂ ತುದಿಗೆ ಒಂದೇ ಕಂಪನಿಯ ಜೋಡಿ ತಗೊಳ್ಳಿ, ಬೇರೆ ಬೇರೆ ಆದರೆ ಎಲ್‌ಎಫ್‌ಪಿ ಹೊಂದದಿರಬಹುದು. ಜೊತೆಗೆ ಬರುವ ಅಡಾಪ್ಟರ್ ಮಾತ್ರ ಸಪ್ಪೆ, ನಾನು ಬದಲಾಯಿಸಿ ಸಣ್ಣ ಯುಪಿಎಸ್‌ಗೆ ಹಾಕಿದ್ದೇನೆ.