ಟೂರ್ ಪಟ್ಟಿಯಲ್ಲಿ ದೊಡ್ಡ ಮ್ಯೂಸಿಯಂ ಇದ್ದರೆ ಮೊದಲು ವಾರ ನೋಡಿ

ಶಿರಸಿ ಕಡೆಯಿಂದ ಹೈದರಾಬಾದ್ ಪ್ಯಾಕೇಜ್ ಟೂರ್‌ಗೆ ಹೆಸರು ಕೊಡುವವರು ಇದನ್ನು ಓದಿ, ಆಮೇಲೆ ಅಡ್ವಾನ್ಸ್ ಕೊಡಿ. ನಾವು ಅಡ್ವಾನ್ಸ್ ಕೊಟ್ಟ ಮೇಲೆ ಯೋಚನೆ ಮಾಡಿದವರು.

ಅಡಿಕೆ ಕೆಲಸ ಮುಗಿದಿತ್ತು. ಸಾಲಾರ್ ಜಂಗ್ ಮ್ಯೂಸಿಯಂ ನೋಡಬೇಕು ಅನ್ನುವುದು ಅಪ್ಪನ ಬಹಳ ವರ್ಷದ ಆಸೆ. ನಮ್ಮ ಕಡೆಯ ಒಬ್ಬ ಟೂರ್‌ನವನು (ಹೆಸರು ಬೇಡ) ವಾಟ್ಸಾಪ್‌ನಲ್ಲಿ ಪಟ್ಟಿ ಕಳಿಸಿದ. ಶುಕ್ರವಾರ ಚಾರ್ಮಿನಾರ್, ಮೆಕ್ಕಾ ಮಸೀದಿ, ಚೌಮಹಲ್ಲಾ ಅರಮನೆ, ಸಾಲಾರ್ ಜಂಗ್, ಸಂಜೆ ಗೋಲ್ಕೊಂಡ. ಒಂದೇ ದಿನಕ್ಕೆ ಐದು! ಕೊಟ್ಟ ದುಡ್ಡಿಗೆ ಮೋಸ ಇಲ್ಲ ಅಂತ ನಾನೂ ಖುಷಿಪಟ್ಟೆ.

ಸಾಲಾರ್ ಜಂಗ್‌ಗೆ ಶುಕ್ರವಾರ ರಜೆ. ಚೌಮಹಲ್ಲಾಕ್ಕೂ ಶುಕ್ರವಾರವೇ ರಜೆ. ನಮಗೆ ಇದು ಗೊತ್ತಾಗಿದ್ದು ಮುಚ್ಚಿದ ಗೇಟಿನ ಮುಂದೆ ಬಸ್ಸಿನಿಂದ ಇಳಿದ ಮೇಲೆ. 'ಇವತ್ತು ಯಾಕೋ ಬಂದ್ ಮಾಡಿದ್ದಾರೆ ಸಾರ್' ಅಂದ ಮ್ಯಾನೇಜರ್. ಯಾಕೋ ಅಂತೆ!

ಗಲಾಟೆ ಮಾಡಿದ್ದಕ್ಕೆ ಶನಿವಾರ ಬೇರೆ ಊರುಸುತ್ತು ಮುಗಿಸಿ ಮೂರು ಕಾಲಿಗೆ ಅಲ್ಲಿ ತಂದು ಇಳಿಸಿದರು. 4.45ಕ್ಕೆ ಎಲ್ಲರೂ ಬಸ್ಸಿನಲ್ಲಿರಬೇಕು ಅಂತ ಆರ್ಡರ್. ಪ್ಯಾಕೇಜಿನಲ್ಲೇ ಇದೆ ಅಂದಿದ್ದ ಟಿಕೆಟ್ಟಿಗೆ ನಾವೇ ದುಡ್ಡು ಕೊಟ್ಟೆವು. ಕ್ಯೂ ನಿಂತು, ಬ್ಯಾಗು ಕೌಂಟರಿಗೆ ಕೊಟ್ಟು ಒಳಗೆ ಹೋಗುವಾಗ 3.40.

ನಮ್ಮ ತಪ್ಪೂ ಇದೆ. ಮ್ಯೂಸಿಯಂ ಅಂದರೆ ನಮ್ಮ ತಲೆಯಲ್ಲಿದ್ದದ್ದು ಕಾರವಾರದ ಟ್ಯಾಗೋರ್ ಬೀಚಿನ ಚಪಲ್ ಯುದ್ಧನೌಕೆ. ಹತ್ತಿ, ಒಳಗಿನ ಗೊಂಬೆ ಸೈನಿಕರನ್ನು ನೋಡಿ, ಇಳಿದು, ಮಂಡಕ್ಕಿ ತಿಂದರೆ ಅರ್ಧ ಗಂಟೆಯ ಕೆಲಸ. ಇದು ಹಾಗಲ್ಲ ಮಾರಾಯ್ರೆ. ನಿಜಾಮರ ದಿವಾನರಾಗಿದ್ದ ಮೂರನೇ ಸಾಲಾರ್ ಜಂಗ್ ಮದುವೆಯಾಗದೆ 1949ರಲ್ಲಿ ತೀರಿಕೊಂಡರು. ಅವರೂ ಅವರ ಹಿರಿಯರೂ ಕೂಡಿಹಾಕಿದ ಸಾಮಾನಿಗೆ 1951ರಲ್ಲಿ ಮ್ಯೂಸಿಯಂ ಆಯಿತು, 1968ರಲ್ಲಿ ಮೂಸಿ ನದಿ ದಂಡೆಯ ಈಗಿನ ಕಟ್ಟಡಕ್ಕೆ ಬಂತು. ಭಾರತದ್ದು, ಪಶ್ಚಿಮದ್ದು, ಪೂರ್ವದ್ದು ಅಂತ ಮೂರು ಕಟ್ಟಡ, ಒಳಗೆ ಕೋಣೆಯಾದ ಮೇಲೆ ಕೋಣೆ. ದಂತದ್ದೇ ಒಂದು, ಗಡಿಯಾರದ್ದೇ ಒಂದು. ಒಂದು ಗಂಟೆಯಲ್ಲಿ ಎಂತ ನೋಡುವುದು?

ಮಗಳಿಗೆ ಗಂಟೆ ಹೊಡೆಯುವ ಗೊಂಬೆ ನೋಡಲೇಬೇಕಿತ್ತು. ಹುಡುಕಿಕೊಂಡು ಹೋದರೆ ಗಡಿಯಾರದ ಮುಂದಿನ ಕುರ್ಚಿಗಳೆಲ್ಲ ಭರ್ತಿ. ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡೆ. ಗಡಿಯಾರದೊಳಗೆ ಒಬ್ಬ ಪುಟ್ಟ ಕಮ್ಮಾರ ಸೆಕೆಂಡಿಗೊಂದು ಏಟು ಹಾಕುತ್ತಲೇ ಇರುತ್ತಾನೆ. ಗಂಟೆಯಾಗಲು ಇನ್ನೇನು ಮೂರು ನಿಮಿಷ ಇದೆ ಅನ್ನುವಾಗ ಗಡ್ಡದ ಗೊಂಬೆಯೊಂದು ಹೊರಗೆ ಬಂತು. ಅಷ್ಟು ಜನರೂ ಗಪ್‌ಚುಪ್. ನಾಲ್ಕು ಸಲ ಹೊಡೆದು ಒಳಗೆ ಹೋಯಿತು. ಚಪ್ಪಾಳೆ. ತಿರುಗಿ ನೋಡಿದರೆ ಅಪ್ಪ ಇಲ್ಲ.

ಫೋನ್ ಮಾಡೋಣ ಅಂದರೆ ಅಪ್ಪನ ಫೋನು ಕೌಂಟರಿಗೆ ಕೊಟ್ಟ ಬ್ಯಾಗಿನಲ್ಲಿ. ಹಾಕಿದವನು ನಾನೇ. ಆಯಿಗೆ ಮಂಡಿನೋವು, ಅವಳನ್ನು ಮಗಳ ಜೊತೆ ಗಡಿಯಾರದ ಹತ್ತಿರವೇ ಕೂರಿಸಿ ನಾನೂ ಹೆಂಡತಿಯೂ ಒಂದೊಂದು ದಿಕ್ಕಿಗೆ ಓಡಿದೆವು. ಬೆಂಜೋನಿ ಅನ್ನುವ ಇಟಲಿಯ ಶಿಲ್ಪಿ ಕಡೆದ ರೆಬೆಕ್ಕಾಳನ್ನು ನಾನು ನೋಡಿದ್ದು ಆ ಓಟದಲ್ಲೇ. ಅಮೃತಶಿಲೆಯ ಮುಸುಕು, ಅದರೊಳಗೆ ಮುಖ ಕಾಣುತ್ತದೆ. ನಿಲ್ಲಬೇಕು ಅನ್ನಿಸಿತು, ನಿಲ್ಲುವ ಹಾಗಿರಲಿಲ್ಲ. ಒಂದೇ ಮರದಲ್ಲಿ ಮುಂದೆ ಗಂಡು, ಹಿಂದೆ ಹೆಣ್ಣು ಇರುವ ಪ್ರತಿಮೆಯಂತೂ ಎಲ್ಲಿತ್ತೋ ಏನೋ.

ಅರ್ಧ ಗಂಟೆ ಬೆವರಿಳಿಸಿದ ಮೇಲೆ ಅಪ್ಪ ಸಿಕ್ಕಿದ್ದು ಊರುಗೋಲುಗಳ ಕೋಣೆಯಲ್ಲಿ. ಹೌದು, ಅಲ್ಲಿ ಅದಕ್ಕೂ ಒಂದು ಕೋಣೆ ಇದೆ. ತಮ್ಮ ಬೆತ್ತದ ಕೋಲನ್ನು ಗಾಜಿಗೆ ತಾಗಿಸಿ, ಒಳಗಿರುವುದರ ಹಿಡಿಕೆ ನೋಡುತ್ತಾ ನಿಂತಿದ್ದರು. 'ನಮ್ಮ ಕೋಲೇ ಗಟ್ಟಿ ಇದ್ದು' ಅಂದರು. ಬೈಯಲೂ ಬಾಯಿ ಬರಲಿಲ್ಲ.

ಬಸ್ಸಿಗೆ ಹತ್ತು ನಿಮಿಷ ತಡವಾಯಿತು. ಎಲ್ಲರೆದುರು ಮಾತು ಕೇಳಿದವರೂ ನಾವೇ.

ದುಡ್ಡು ಕೊಡುವ ಮೊದಲು ಮ್ಯೂಸಿಯಂಗೆ ಯಾವ ವಾರ, ಎಷ್ಟು ಗಂಟೆ, ಟಿಕೆಟ್ ಯಾರದ್ದು ಅಂತ ಬರೆಸಿಕೊಳ್ಳಿ. ರಜೆ ಯಾವತ್ತು ಅಂತ ನೀವೇ ನೋಡಿಕೊಳ್ಳಿ, ಅವರನ್ನು ನಂಬಬೇಡಿ. ಸಾಲಾರ್ ಜಂಗ್ ತೆರೆಯುವುದು ಬೆಳಿಗ್ಗೆ ಹತ್ತಕ್ಕೆ. ಆಗಲೇ ಹೋದರೆ ಹಿರಿಯರು ಕೂತೆದ್ದು ನೋಡಬಹುದು, ಗೊಂಬೆ ಹನ್ನೆರಡು ಸಲ ಹೊಡೆಯುವುದೂ ಸಿಗುತ್ತದೆ. ತಪ್ಪಿಸಿಕೊಂಡರೆ ಎಲ್ಲಿ ಸೇರುವುದು ಅಂತ ಬಾಗಿಲಲ್ಲೇ ಮಾತಾಡಿಕೊಳ್ಳಿ. ನಿಮ್ಮ ನಂಬರು ಬರೆದ ಚೀಟಿ ಹಿರಿಯರ ಜೇಬಿನಲ್ಲಿರಲಿ. ಎಲ್ಲಾ ಕೋಣೆ ನೋಡುವ ಹಟ ಬೇಡ, ಮನೆಯವರಿಗೆ ಬೇಕಾದ ನಾಲ್ಕು ಆರಿಸಿಕೊಂಡರೆ ಸಾಕು. ನಮ್ಮಲ್ಲಿ ಊರುಗೋಲು ಅಂತ ಯಾರೂ ಆರಿಸುತ್ತಿರಲಿಲ್ಲ, ಅದು ಬೇರೆ ಮಾತು.

ಶುಕ್ರವಾರದ ದುಡ್ಡು ವಾಪಸ್ ಕೇಳಿದ್ದಕ್ಕೆ ಇವತ್ತಿಗೂ ಉತ್ತರ ಇಲ್ಲ. ನಿನ್ನೆ ಮಾತ್ರ ಅದೇ ನಂಬರಿನಿಂದ ದೆಹಲಿ ಟೂರಿನ ಪಟ್ಟಿ ಬಂತು. ನ್ಯಾಷನಲ್ ಮ್ಯೂಸಿಯಂ ಇಟ್ಟಿದ್ದಾನೆ, ಸೋಮವಾರಕ್ಕೆ. ಸೋಮವಾರ ಅದಕ್ಕೆ ರಜೆ.