ಔಷಧಿ ಕೇಳಿದರೆ ಟ್ಯಾಂಕಿನ ಅಳತೆ ಕೇಳಿದರು

ನಾನು ತುಮಕೂರಿನ ಬಟವಾಡಿಯಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಮಿಷನ್ ಪಕ್ಕದಲ್ಲೇ ಮೀನಿನ ಟ್ಯಾಂಕ್. ಮಗ ತಂದಿಟ್ಟ, ಓದೋಕೆ ಬೆಂಗಳೂರಿಗೆ ಹೋದ, ಮೂರು ಗೋಲ್ಡ್‌ಫಿಶ್ ನನ್ನ ಪಾಲಿಗೆ ಬಂದವು. ಅಳತೆ ಕೊಡೋಕೆ ಬರುವವರ ಮಕ್ಕಳು ಅದರ ಮುಂದೆ ಕೂತರೆ ಗಲಾಟೆ ಮಾಡುವುದಿಲ್ಲ. ಅಷ್ಟು ಲಾಭ ಇದೆ.

ಸಂಕ್ರಾಂತಿಗೆ ಇನ್ನೂ ನಾಲ್ಕು ದಿನ. ರಾತ್ರಿ ಹುಕ್ ಹಾಕುತ್ತಾ ಕೂತಿದ್ದೆ. ದೊಡ್ಡ ಮೀನಿನ ಬಾಲದ ಮೇಲೆ ಬಿಳಿ ಚುಕ್ಕೆ ಕಂಡಿತು. ಮಣಿ ವರ್ಕ್ ಮಾಡುವಾಗ ಒಂದೆರಡು ಮಣಿ ಹಾರಿ ನೀರಿಗೆ ಬಿದ್ದಿರಬೇಕು ಅಂದುಕೊಂಡೆ. ಬೆಳಗ್ಗೆ ನೋಡಿದರೆ ಮೈಮೇಲೆಲ್ಲ ರವೆ ಉದುರಿಸಿದ ಹಾಗಿದೆ! ಹಸು ಕಂಬಕ್ಕೆ ಮೈ ತಿಕ್ಕುತ್ತದಲ್ಲ, ಹಾಗೆ ಹೋಗಿ ಹೋಗಿ ಕಲ್ಲಿಗೆ ಉಜ್ಜುತ್ತಿತ್ತು. ಊಟವೂ ಬೇಡ.

ಮೊದಲು ಹೋದ ಅಂಗಡಿಯ ಹೆಸರು ಹೇಳುವುದಿಲ್ಲ. ನೀಲಿ ಔಷಧಿಯ ಒಂದು ಬಾಟಲಿ ಕೊಟ್ಟರು. ಎಷ್ಟು ಹಾಕಬೇಕು ಅಂದರೆ, "ನೀರು ನೀಲಿ ಆಗೋ ತನಕ" ಅಂದರು. ಹಾಕಿದೆ. ನೀರೇನೋ ನೀಲಿ ಆಯ್ತು. ಜೊತೆಗೆ ಗಾಜಿನ ಮೂಲೆಗೆ ಹಚ್ಚಿದ ಸಿಲಿಕಾನ್, ಫಿಲ್ಟರಿನ ಸ್ಪಂಜು, ನನ್ನ ಬೆರಳು ಎಲ್ಲ ನೀಲಿ. ಬೆರಳಿಂದ ಹೋಯಿತು, ಸಿಲಿಕಾನಿಂದ ಇವತ್ತಿಗೂ ಹೋಗಿಲ್ಲ. ಎರಡು ದಿನದಲ್ಲಿ ಉಳಿದ ಎರಡು ಮೀನಿಗೂ ಚುಕ್ಕೆ ಬಂತು.

ಆಮೇಲೆ ಹೋಗಿದ್ದು ಬಿ.ಎಚ್. ರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ ಸಣ್ಣ ಅಕ್ವೇರಿಯಂ ಅಂಗಡಿಗೆ. ಈ ರಿವ್ಯೂ ಅದರದ್ದೇ. ಒಳಗೆ ಇಬ್ಬರು ನಿಂತರೆ ಮೂರನೆಯವರು ಮೆಟ್ಟಿಲ ಮೇಲೆ ಇರಬೇಕು, ಅಷ್ಟೇ ಜಾಗ. ನಾನು ಔಷಧಿ ಕೇಳಿದೆ. ಅಂಗಡಿಯ ಹುಡುಗ, "ಟ್ಯಾಂಕ್ ಎಷ್ಟು ಲೀಟರ್ ಅಕ್ಕ?" ಅಂದ. ಲೀಟರ್ ಯಾರಿಗೆ ಗೊತ್ತು? ಟೈಲರ್ ಅಲ್ವಾ, ಇಂಚು ಹೇಳಿದೆ: ಇಪ್ಪತ್ನಾಲ್ಕು, ಹನ್ನೆರಡು, ಹನ್ನೆರಡು. ಮೊಬೈಲಿನಲ್ಲಿ ಲೆಕ್ಕ ಹಾಕಿ, ಕಲ್ಲು, ಮೇಲಿನ ಖಾಲಿ ಜಾಗ ಕಳೆದು, 50 ಲೀಟರ್ ಅಂದ.

ಆಮೇಲೆ ಫೋಟೋ ಕೇಳಿದ. ದೊಡ್ಡದು ಮಾಡಿ ನೋಡಿದ. ಚುಕ್ಕೆ ಬರೀ ಕಿವಿರಿನ ಮುಚ್ಚಳದ ಮೇಲೆ ಇದ್ದಿದ್ದರೆ ರೋಗ ಅಲ್ಲದೇ ಇರಬಹುದಂತೆ, ಮರಿ ಮಾಡುವ ಕಾಲಕ್ಕೆ ಗಂಡು ಗೋಲ್ಡ್‌ಫಿಶ್‌ಗೆ ಹಾಗೆ ಬರುತ್ತದಂತೆ. ನಮ್ಮದು ಬಾಲದ ಮೇಲೂ ಇತ್ತಲ್ಲ, "ಇದು ಇಕ್, ವೈಟ್ ಸ್ಪಾಟ್" ಅಂದ. ಕೊನೆಗೆ, "ಟ್ಯಾಂಕ್ ಯಾವಾಗ ತೊಳೆದ್ರಿ?" ಅಂದ. ಅಲ್ಲಿ ನಾನು ಸಿಕ್ಕಿಬಿದ್ದೆ. ಹಬ್ಬ ಬಂತು ಅಂತ ಅದರ ಹಿಂದಿನ ವಾರ ಎಲ್ಲ ನೀರು ಚೆಲ್ಲಿ, ಸ್ಪಂಜಿಗೆ ಸೋಪು ಹಾಕಿ ತಿಕ್ಕಿ, ಕಾರ್ಪೊರೇಷನ್ ನಲ್ಲಿಯ ತಣ್ಣನೆ ನೀರು ಸೀದಾ ತುಂಬಿಸಿದ್ದೆ. ನಮ್ಮ ಊರಿಗೆ ಬರುವುದು ಬುಗುಡನಹಳ್ಳಿ ಕೆರೆಯಲ್ಲಿ ನಿಲ್ಲಿಸಿದ ಹೇಮಾವತಿ ನೀರು. ಅದಕ್ಕೆ ಕ್ಲೋರಿನ್ ಹಾಕಿರುತ್ತಾರೆ. ನಮಗೆ ಒಳ್ಳೆಯದು, ಮೀನಿನ ಕಿವಿರಿಗೆ ಉರಿ. ಮೀನಿನ ಗಲೀಜನ್ನು ಕರಗಿಸುವ ಬ್ಯಾಕ್ಟೀರಿಯಾ ಇರುವುದು ಆ ಸ್ಪಂಜಿನಲ್ಲೇ ಅಂತೆ. ಸೋಪಿನಲ್ಲಿ ಅದನ್ನೂ ತೊಳೆದು ಬಿಟ್ಟಿದ್ದೆ. ಹುಡುಗ ಬೈಯಲಿಲ್ಲ. ಮುಖ ಮಾತ್ರ ನೋಡಿದ.

ಔಷಧಿ ಕೊಡಲಿಲ್ಲ. ಗುಂಡಿ ತಿರುಗಿಸುವ ಹೀಟರ್ ಒಂದು, ಥರ್ಮಾಮೀಟರ್ ಒಂದು, ಎರಡೂ ಸೇರಿ 520 ರೂಪಾಯಿ. ಉಪ್ಪು ಮನೆಯಲ್ಲಿದ್ದ ಕಲ್ಲುಪ್ಪೇ ಸಾಕು, ಬೇರೇನೂ ಬೆರೆಸಿರಬಾರದು ಅಷ್ಟೇ ಅಂದ. ಲೀಟರಿಗೆ ಎರಡು ಗ್ರಾಂ, ಒಟ್ಟು 100 ಗ್ರಾಂ. ಮಗ್ಗಿನಲ್ಲಿ ಕರಗಿಸಿ ಮೂರು ಸಲಕ್ಕೆ ಹಂಚಿ ಹಾಕಬೇಕು. ಎರಡು ದಿನಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ, ಆ ಹೊಸ ನೀರಿಗೆ ಮಾತ್ರ ಉಪ್ಪು ಹಾಕಬೇಕು. ಆವಿಯಾಗಿ ಕಡಿಮೆಯಾದ ನೀರು ತುಂಬಿಸುವಾಗ ಬೇಡ, ಉಪ್ಪು ಆವಿಯಾಗುವುದಿಲ್ಲವಲ್ಲ. ಹೊಸ ನೀರು ಒಂದು ದಿನ ಬಕೆಟ್ಟಿನಲ್ಲಿ ತೆರೆದಿಟ್ಟದ್ದಾಗಬೇಕು. ನೀರು ತೆಗೆಯುವ ಮೊದಲು ಹೀಟರಿನ ಪ್ಲಗ್ ಕೀಳಿ ಅಂತ ಎರಡು ಸಲ ಹೇಳಿದ.

ಬಿಸಿ ಯಾಕೆ ಅಂತ ಕೇಳಿದ್ದಕ್ಕೆ ಅವನು ಹೇಳಿದ ವಿವರ ನನಗೆ ತುಂಬಾ ಹಿಡಿಸಿತು. ಕಾಣುವ ಚುಕ್ಕೆಯೊಳಗೆ ಹುಳ ಚರ್ಮದಡಿ ಕೂತಿರುತ್ತದೆ. ಅಲ್ಲಿದ್ದಾಗ ಉಪ್ಪೂ ತಾಗುವುದಿಲ್ಲ, ಔಷಧಿಯೂ ತಾಗುವುದಿಲ್ಲ. ಬಲಿತ ಮೇಲೆ ಕಳಚಿ ಕೆಳಗೆ ಬೀಳುತ್ತದೆ, ಅಲ್ಲಿ ಒಡೆದು ನೂರಾರು ಆಗುತ್ತದೆ. ಆ ಮರಿಗಳು ಮೀನು ಹುಡುಕಿಕೊಂಡು ಈಜುತ್ತವಲ್ಲ, ಆಗ ಮಾತ್ರ ಸಾಯುತ್ತವೆ. ತಣ್ಣನೆ ನೀರಿನಲ್ಲಿ ಇದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. 28 ಡಿಗ್ರಿಯಲ್ಲಿ ಕೆಲವೇ ದಿನ. ಅದಕ್ಕೇ ಬಿಸಿ. ನಮ್ಮ ಟ್ಯಾಂಕ್ 21ರಲ್ಲಿತ್ತು. ದಿನಕ್ಕೆ ಎರಡು ಡಿಗ್ರಿಯಂತೆ ಏರಿಸಿದೆ. ಬಿಸಿ ನೀರಿನಲ್ಲಿ ಗಾಳಿ ಕಡಿಮೆ ಅಂತ ಏರ್ ಪಂಪ್ ಹಗಲೂ ರಾತ್ರಿ ಓಡಿತು. ಮಿಷನ್ ನಿಲ್ಲಿಸಿದರೂ ಮನೆಯಲ್ಲಿ ಗುರ್ ಅನ್ನುವ ಸದ್ದು.

ಮೂರನೇ ದಿನ ಚಿಕ್ಕದು ಹೋಯಿತು. ದಾಸವಾಳದ ಗಿಡದ ಬುಡಕ್ಕೆ ಹಾಕಿದೆ. ಮಗನಿಗೆ ಫೋನಿನಲ್ಲಿ ಹೇಳುವಾಗ ಯಾಕೋ ಗಂಟಲು ಕಟ್ಟಿತು. ಒಂದು ವಾರಕ್ಕೆ ಉಳಿದ ಎರಡರ ಮೈ ಸ್ವಚ್ಛ. ಚುಕ್ಕೆ ಹೋದರೂ ಹತ್ತು ದಿನ ಮುಂದುವರಿಸಿ ಅಂದಿದ್ದ, ಮುಂದುವರಿಸಿದೆ. ಈಗ ನಾನು ಡಬ್ಬ ಮುಟ್ಟಿದರೆ ಸಾಕು, ಎರಡೂ ಗಾಜಿಗೆ ಬಾಯಿ ಹಚ್ಚುತ್ತವೆ.

ಬರೀ ಹೊಗಳಿದರೆ ನನ್ನ ನೆಂಟರ ಅಂಗಡಿ ಅಂದುಕೊಳ್ಳುತ್ತೀರಿ. ಮಧ್ಯಾಹ್ನ ಒಂದೂವರೆಯಿಂದ ನಾಲ್ಕರವರೆಗೆ ಶಟರ್ ಎಳೆದಿರುತ್ತದೆ, ಬೋರ್ಡಿನಲ್ಲಿ ಬರೆದಿಲ್ಲ, ಬಿಸಿಲಲ್ಲಿ ಒಮ್ಮೆ ಸುಮ್ನೆ ಹೋಗಿ ಬಂದೆ. ಕೇಳದೆ ಬಿಲ್ ಕೊಡುವುದಿಲ್ಲ. ಫೈಟರ್ ಮೀನುಗಳನ್ನು ಜ್ಯೂಸ್ ಕಪ್‌ನಷ್ಟು ಚಿಕ್ಕ ಡಬ್ಬಿಯಲ್ಲಿ ಇಟ್ಟಿದ್ದಾನೆ, ನೋಡೋಕೆ ಆಗಲ್ಲ. ಎಲ್ಲ ಟ್ಯಾಂಕಿಗೂ ಒಂದೇ ಬಲೆ ಅದ್ದುತ್ತಾನೆ. "ಏನಪ್ಪಾ, ಹೀಗೆ ಮಾಡಿದ್ರೆ ರೋಗ ಹರಡಲ್ವಾ?" ಅಂದೆ. ತಲೆ ಕೆರೆದುಕೊಂಡು, "ಬೇರೆ ಬೇರೆ ತರಿಸ್ಬೇಕು ಅಕ್ಕ" ಅಂದ. ಐದಕ್ಕೆ ನಾಲ್ಕು ಸ್ಟಾರ್ ಕೊಟ್ಟಿದ್ದೇನೆ, ಆ ಒಂದು ಕಳೆದದ್ದು ಬಲೆಗೆ.

ಹೋದ ವಾರ ಚಿಕ್ಕದರ ಬದಲಿಗೆ ಒಂದು ಮೀನು ಕೊಡು ಅಂತ ದುಡ್ಡು ಹಿಡಿದುಕೊಂಡೇ ಹೋಗಿದ್ದೆ. ಕೊಡಲಿಲ್ಲ. "ಇನ್ನೊಂದು ತಿಂಗಳು ಆ ಎರಡೂ ಆರಾಮಾಗಿರಲಿ, ಆಮೇಲೆ ಬನ್ನಿ" ಅಂದ. ಹಾಗೇ ಬಸ್ ಸ್ಟ್ಯಾಂಡ್ ಕಡೆ ಹೋಗಿ ಮಣಿ, ದಾರ ತಗೊಂಡು ಬಂದೆ.