ಸ್ಟ್ರೀಟ್ ಫೈಟರ್ 6: ಜೊತೆಗೆ ಆಡೋಕೆ ಒಬ್ರು ಇದ್ರೆ ಮಾತ್ರ ತಗೊಳ್ಳಿ

ಬೆಂಗಳೂರಲ್ಲಿ ಯಾರನ್ನೇ ಕೇಳಿ, ವ್ಯಾಲರಂಟ್ ಇಲ್ಲಾಂದ್ರೆ ಬಿಜಿಎಂಐ, ಬರೀ ಗನ್ ಗೇಮ್. ಫೈಟಿಂಗ್ ಗೇಮ್ ಅಂದ್ರೆ "ಎಲ್ಲಾ ಬಟನ್ ಕುಟ್ಟೋದು ತಾನೇ ಗುರು" ಅಂತಾರೆ. ನನ್ ಚಿಕ್ಕಪ್ಪನ ಮಗನೂ ಹಂಗೇ ಅಂತಿದ್ದ, ಈಗ ರಾಜಾಜಿನಗರದಿಂದ ಭಾನುವಾರ ಬೆಳಗ್ಗೆನೇ ಕಂಟ್ರೋಲರ್ ಹಿಡ್ಕೊಂಡು ಬಂದ್ಬಿಡ್ತಾನೆ.

ಸ್ಟ್ರೀಟ್ ಫೈಟರ್ 6 ಇಬ್ರು ಎದುರಾಬದುರು ಹೊಡೆದಾಡೋ ಗೇಮ್, 2023ರ ಜೂನಲ್ಲಿ ಕ್ಯಾಪ್ಕಾಮ್ ಕಂಪನಿ ಬಿಟ್ಟಿದ್ದು. ಹೊಸಬ್ರಿಗೆ ಅಂತಾನೇ ಮಾಡರ್ನ್ ಕಂಟ್ರೋಲ್ ಇದೆ, ಸ್ಟಿಕ್ ತಿರುಗ್ಸೋ ತಲೆನೋವಿಲ್ದೆ ಒಂದೇ ಬಟನಲ್ಲಿ ಹಡೋಕೆನ್ (ಕೈಯಿಂದ ಎಸೆಯೋ ಶಕ್ತಿಯ ಉಂಡೆ) ಬರುತ್ತೆ, ಅದಕ್ಕೆ ಡ್ಯಾಮೇಜ್ ಶೇ. 20 ಕಮ್ಮಿ, ನ್ಯಾಯಾನೇ ಬಿಡಿ. ಆದ್ರೆ ಕಷ್ಟ ಬೆರಳಲ್ಲಿ ಇಲ್ಲ. ಎದುರಿನವನು ಡ್ರೈವ್ ಇಂಪ್ಯಾಕ್ಟ್ ಅನ್ನೋ ಭಾರಿ ಏಟು ಹಾಕ್ದ ಅಂದ್ಕೊಳ್ಳಿ, ಸ್ಕ್ರೀನ್ ತುಂಬ ಬಣ್ಣ ಎರಚಿದಂಗಾಗುತ್ತೆ, ಏಟು ಬೀಳೋಕೆ 26 ಫ್ರೇಮ್ (ಸ್ಕ್ರೀನಲ್ಲಿ ಒಂದಾದ್ಮೇಲೊಂದು ಬರೋ ಚಿತ್ರ), ಸೆಕೆಂಡಿಗೆ 60 ಫ್ರೇಮ್ ಲೆಕ್ಕದಲ್ಲಿ ಅರ್ಧ ಸೆಕೆಂಡೂ ಇಲ್ಲ, ಅಷ್ಟ್ರಲ್ಲಿ ಕಂಡು ನೀವೂ ವಾಪಸ್ ಇಂಪ್ಯಾಕ್ಟ್ ಹಾಕ್ಬೇಕು, ಸುಮ್ನೆ ಪಂಚ್ ಹೊಡೀತೀನಿ ಅಂದ್ರೆ ಅದು ಎರಡು ಏಟು ತಿಂದ್ಕೊಂಡೇ ನುಗ್ಗುತ್ತೆ. ಟ್ರೈನಿಂಗಲ್ಲಿ ಸಲೀಸು. ಮ್ಯಾಚಲ್ಲಿ ನೀವು ಕಿಕ್ ಒತ್ತೋ ಹೊತ್ತು ನೋಡ್ಕೊಂಡೇ ಹಾಕ್ತಾನೆ ಪುಣ್ಯಾತ್ಮ.

ಕೌಂಟರ್ ಸ್ಟ್ರೈಕ್ ಅನ್ನೋ ಗನ್ ಗೇಮಲ್ಲಿ ಎಕೆ-47 ಸ್ಪ್ರೇನ (ಬಿಡದೆ ಗುಂಡು ಹಾರಿಸೋದು) ಗೋಡೆ ಮೇಲೆ ಹೊಡ್ದು ಕಲಿತ್ರೆ ಮ್ಯಾಚಲ್ಲೂ ಗನ್ ಅದೇ ಪ್ಯಾಟರ್ನಲ್ಲೇ ಎಗರುತ್ತೆ, ಕಲಿತಿದ್ದು ಕೈಲಿರುತ್ತೆ. ಇಲ್ಲಿ ಎದುರಿಗಿರೋ ಮನುಷ್ಯನ ಚಾಳಿ ಓದ್ಬೇಕು, ನೀವು ಓದಿದ್ದು ಗೊತ್ತಾದ ತಕ್ಷಣ ಅವನು ಚಾಳಿ ಬದಲಾಯಿಸ್ತಾನೆ. ಬಹಳ ಜನ ಬೇಗ ಬಿಟ್ಟುಹೋಗೋದೂ ಇದಕ್ಕೇ, ಉಳಿದವ್ರು ಹುಚ್ಚರಾಗೋದೂ ಇದಕ್ಕೇ.

ಟ್ರೈನಿಂಗ್ ಮೋಡ್ ಮಾತ್ರ ಸಕ್ಕತ್. ನಿಮ್ಗೆ ಹೊಡೆದ ಕಾಂಬೋನ (ಸಾಲಾಗಿ ಬೀಳೋ ಏಟುಗಳು) ಡಮ್ಮಿ ಎದುರಾಳಿಗೆ ರೆಕಾರ್ಡ್ ಮಾಡಿ ಅದರ ಕೈಲೇ ಹೊಡೆಸ್ಕೊಂಡು ಉತ್ತರ ಹುಡುಕ್ಬೋದು, ಕೆಳಗೆ ಫ್ರೇಮ್ ಮೀಟರ್ ಬಣ್ಣಬಣ್ಣದಲ್ಲಿ ಓಡ್ತಿರುತ್ತೆ, ಏಟಿನ ನಂತರ ಯಾರು ಮೊದಲು ಮತ್ತೆ ಅಲ್ಲಾಡೋಕೆ ಫ್ರೀ ಆದ್ರು ಅಂತ ಕಣ್ಣಿಗೇ ಕಾಣುತ್ತೆ. ಒಬ್ರೇ ಆಡೋ ವರ್ಲ್ಡ್ ಟೂರ್ ಮೋಡಿನ ಕಥೆ ಸುಮಾರು. ಫೈಟರ್‌ಗಳಲ್ಲಿ ನಮ್ಮ ದೇಶದ ಧಾಲ್ಸಿಮ್ ಇದಾನೆ, 1991ರಿಂದ ಕೈ ಉದ್ದ ಮಾಡ್ಕೊಂಡು ಬಾಯಲ್ಲಿ ಬೆಂಕಿ ಉಗುಳ್ತಾನೇ ಇದಾನೆ (ಯೋಗ ಕಲಿಸಿದ ಗುರು ಯಾರೋ!), ಆದ್ರೆ ಅಭಿಮಾನಕ್ಕೆ ಅವನಿಂದ ಶುರು ಮಾಡ್ಬೇಡಿ, ಪಳಗಿಸೋದು ಕಷ್ಟ. ರ್‍ಯೂ ಅನ್ನೋ ಫೈಟರೇ ಸಾಕು.

ಆನ್‌ಲೈನಲ್ಲಿ ರೋಲ್‌ಬ್ಯಾಕ್ ಅನ್ನೋ ನೆಟ್‌ವರ್ಕ್ ತಂತ್ರ ಇರೋದ್ರಿಂದ ಲ್ಯಾಗ್ (ಒತ್ತಿದ್ದು ತಡವಾಗಿ ಆಗೋದು) ಕಾಟ ಕಮ್ಮಿ, ಆದ್ರೂ ನೀವು ವೈಫೈಲಿದ್ರೆ ಎದುರಿನವನಿಗೆ ಅದು ಕಾಣುತ್ತೆ, ನೋಡಿ ಮ್ಯಾಚೇ ಬೇಡ ಅಂತಾರೆ. ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡೀಲೊಂದು ಉದ್ದದ ಲ್ಯಾನ್ ಕೇಬಲ್ (ಇಂಟರ್ನೆಟ್ ವೈರ್) ತಗೊಂಡ್ಬಿಡಿ. ಒಬ್ರೇ ಕೂತು ಕಥೆ ಆಡೋಕೆ ಅಂತಿದ್ರೆ ದುಡ್ಡು ದಂಡ. ನಿಮ್ ಮಟ್ಟದಲ್ಲೇ ಸೋಲೋನೊಬ್ಬ ಸಿಕ್ಕಿದ್ರೆ ಕಣ್ಮುಚ್ಚಿ ತಗೊಳ್ಳಿ. ಡೆಮೋ ಫ್ರೀ ಇದೆ, ಮೊದಲು ಅದನ್ನ ಹಾಕಿ ನೋಡಿ.